ಪ್ರಕಟಣೆಯ ಕೃಪೆಗಾಗಿ

ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣದಲ್ಲಿ ಪತ್ರಿಕೋದ್ಯಮ ಓದುತ್ತಿರುವ ನನ್ನ ತಂಗಿಯ ಮಗಳು ಕಳೆದ ಭಾನುವಾರ ಮನೆಗೆ ಬಂದಿದ್ದಾಗ, "ಮಾವ, ನಾನು ಪಿ.ಆರ್. ಕೆಲಸಕ್ಕೆ ಸೇರ್ತೀನಿ, ಚೆನ್ನಾಗಿ ಮಾತಾಡ್ತೀಯ ಅಂತ ಎಲ್ಲರೂ ಹೇಳ್ತಾರೆ" ಎಂದಳು. ದಾವಣಗೆರೆಯ ದಿನಪತ್ರಿಕೆಯೊಂದರಲ್ಲಿ ಒಂಬತ್ತು ವರ್ಷ ಉಪಸಂಪಾದಕನಾಗಿ, ಬಳಿಕ ಖಾಸಗಿ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ಸಾರ್ವಜನಿಕ ಸಂಪರ್ಕಾಧಿಕಾರಿಯಾಗಿ, ಅಂದರೆ ಪಿ.ಆರ್.ಒ. ಆಗಿ, ದುಡಿದ ನನಗೆ, ಮಾತಿನ ಮಲ್ಲರು ಈ ಕೆಲಸದಲ್ಲಿ ಎರಡು ವರ್ಷವೂ ನಿಲ್ಲದೆ ಹೋದದ್ದು ಚೆನ್ನಾಗಿ ನೆನಪಿದೆ.

ಪತ್ರಿಕೆಯ ಡೆಸ್ಕಿನಲ್ಲಿ ಕುಳಿತವರಿಗೆ ಸಂಜೆ ಏಳರ ಹೊತ್ತಿನ ಗೋಳು ಗೊತ್ತು. ಸಂಘ-ಸಂಸ್ಥೆಗಳು ಕಳಿಸಿದ, 'ಪ್ರಕಟಣೆಯ ಕೃಪೆಗಾಗಿ' ಎಂಬ ತಲೆಬರಹದ ಹಾಳೆಗಳು ರಾಶಿ ಬೀಳುತ್ತಿದ್ದವು. ಉಚಿತ ನೇತ್ರ ತಪಾಸಣಾ ಶಿಬಿರದ ಪ್ರಕಟಣೆಯೆಂದರೆ ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಉಪಸ್ಥಿತಿ ಎಂದು ಹನ್ನೆರಡು ಹೆಸರುಗಳು ಮುಗಿದ ಮೇಲೆ, ಶಿಬಿರ ಯಾವ ಬಡಾವಣೆಯಲ್ಲಿ, ಎಷ್ಟು ಗಂಟೆಗೆ, ಆಧಾರ್ ಕಾರ್ಡ್ ತರಬೇಕೋ ಬೇಡವೋ ಎಂಬುದು ಕೊನೆಯ ಸಾಲಿನಲ್ಲಿ ಸಿಕ್ಕರೆ ನಮ್ಮ ಪುಣ್ಯ. ಬೆಂಗಳೂರಿನ ಪಿ.ಆರ್. ಏಜೆನ್ಸಿಗಳಿಂದ ಬರುತ್ತಿದ್ದವು ಇನ್ನೊಂದು ಬಗೆ: 'ಈ ಉಪಕ್ರಮವನ್ನು ಘೋಷಿಸಲು ನಾವು ಅತೀವ ಉತ್ಸುಕರಾಗಿದ್ದೇವೆ' ಎಂದು ಶುರುವಾಗುವ, ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದ ಬರಹ. 'ನುಡಿ' ತಂತ್ರಾಂಶದಲ್ಲಿ ಟೈಪಿಸಿ ಮೇಲ್ ಮಾಡಿದ್ದಂತೂ ತೆರೆದರೆ ಚಿಲ್ಲಾಪಿಲ್ಲಿ ಅಕ್ಷರಗಳು. ಇವುಗಳ ನಡುವೆ ವಿಷಯವನ್ನು ಮೊದಲ ಸಾಲಿಗೇ ತಂದು, ಹತ್ತು ಸಾಲಿನಲ್ಲಿ ಮುಗಿಸಿದ ಹಾಳೆಯೊಂದು ಸಿಕ್ಕಿದರೆ ನಾವು ಅದನ್ನು ತಿದ್ದದೆ ಪುಟಕ್ಕೆ ಹಾಕುತ್ತಿದ್ದೆವು.

ಆದರೆ ಬರೆಯುವುದು ಸುಲಭದ ಭಾಗ. ಬರೆಯಲು ಬೇಕಾದ ಸಂಗತಿಯನ್ನು ನಮ್ಮದೇ ಸಂಸ್ಥೆಯ ಬಾಯಿಂದ ಹೊರಡಿಸುವುದರಲ್ಲೇ ಈ ಕೆಲಸದ ಮುಕ್ಕಾಲು ಶ್ರಮ ಹೋಗುತ್ತದೆ. ನಾನಿದ್ದ ಆಸ್ಪತ್ರೆಯಲ್ಲಿ ಒಂದು ರಾತ್ರಿ ಕರೆಂಟ್ ಹೋಗಿ, ಜನರೇಟರ್ ಹತ್ತಲು ಕೆಲವು ನಿಮಿಷ ತಡವಾಯಿತು. ಯಾವ ರೋಗಿಗೂ ತೊಂದರೆಯಾಗಲಿಲ್ಲ. ಬೆಳಿಗ್ಗೆ ನಾಲ್ಕು ಸಾಲು ಬರೆದು ಆಡಳಿತದವರ ಮುಂದಿಟ್ಟಾಗ, "ಸುಮ್ಮನಿದ್ದರೆ ತಾನಾಗಿಯೇ ತಣ್ಣಗಾಗುತ್ತದೆ" ಎಂದರು. ನಾನೂ ಜಗಳವಾಡದೆ ಸುಮ್ಮನಾದೆ. ಮಧ್ಯಾಹ್ನದ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಇಬ್ಬರು ಸತ್ತಿದ್ದರು, ಸಂಜೆಗೆ ಐವರು. ಮೂರನೆಯ ದಿನ ಸುದ್ದಿಗೋಷ್ಠಿ ಕರೆದು ನಿಜ ಹೇಳಿದರೆ ನಂಬುವವರಿರಲಿಲ್ಲ. ಅಂದು ನಾನು ಹಟ ಹಿಡಿಯದಿದ್ದದ್ದು ನನ್ನದೇ ತಪ್ಪೆಂದು ಈಗಲೂ ಅನ್ನಿಸುತ್ತದೆ.

ಈ ಪಾಠ ಹಳೆಯದು. 1906ರ ಅಕ್ಟೋಬರಿನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬಳಿ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಯ ರೈಲು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತಾಗ, ಕಂಪನಿಯ ಪ್ರಚಾರದ ಹೊಣೆ ಹೊತ್ತಿದ್ದ ಐವಿ ಲೀ, ಗಾಳಿಸುದ್ದಿ ಹಬ್ಬುವ ಮೊದಲೇ ಲಿಖಿತ ಹೇಳಿಕೆ ಕೊಟ್ಟು ವರದಿಗಾರರನ್ನು ಸ್ಥಳಕ್ಕೇ ಕರೆದೊಯ್ಯುವ ಏರ್ಪಾಡು ಮಾಡಿದ. ಪತ್ರಿಕಾ ಪ್ರಕಟಣೆಯ ಇತಿಹಾಸವನ್ನು ಅಲ್ಲಿಂದಲೇ ಶುರು ಮಾಡುವುದು ವಾಡಿಕೆ. ಪಠ್ಯದಲ್ಲಿ ಇದನ್ನು ಓದಿ ಅಂಕ ತೆಗೆದವರು ಬಹಳ. ಮಾಲೀಕರ ಕೋಣೆಗೆ ಹೋಗಿ ಹಾಗೆ ಮಾಡಿ ಎನ್ನುವವರು ಕಡಿಮೆ.

ನಮ್ಮೂರಿನಲ್ಲಿ ಕೆಲಸವೆಲ್ಲಿದೆ ಎಂದೂ ಹುಡುಗಿ ಕೇಳಿದಳು. ಸರ್ಕಾರದ ಕಡೆ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯಿದೆ, ಆದರೆ ಹುದ್ದೆ ಕರೆಯುವವರೆಗೆ ಕಾಯಬೇಕು. ಉಳಿದಂತೆ ಆಸ್ಪತ್ರೆ, ಕಾಲೇಜುಗಳಲ್ಲಿ 'ಪಿ.ಆರ್.ಒ.' ಎಂಬ ಫಲಕದ ಹಿಂದೆ ಕುಳಿತು ವಿಮೆಯ ಕಾಗದ ಜೋಡಿಸುವುದು, ಅಡ್ಮಿಷನ್ ಸಮಯದಲ್ಲಿ ಪೋಷಕರಿಗೆ ಫೋನ್ ಮಾಡುವುದು. ಇದನ್ನು ಕೀಳಾಗಿ ಕಾಣಬೇಡ ಎಂದೆ. ಜಗಳೂರಿನಿಂದ ಬೆಳಗಿನ ಬಸ್ಸು ಹಿಡಿದು ಬಂದ ಅಜ್ಜ ಬಿಲ್ ಹಿಡಿದುಕೊಂಡು ಬೈಯುವುದು ಆ ಮೇಜಿನ ಮುಂದೆಯೇ. ಸಂಸ್ಥೆಯ ಬಗ್ಗೆ ಊರು ಏನನ್ನುತ್ತಿದೆ ಎಂಬುದು ಮೇಲಿನ ಮಹಡಿಗಿಂತ ಮೊದಲು ಅಲ್ಲಿ ತಿಳಿಯುತ್ತದೆ.

ಕೊನೆಗೆ ನನ್ನ ಹಳೆಯ ಕಡತದಿಂದ ಶಿಬಿರದ ಪ್ರಕಟಣೆಯೊಂದನ್ನು ತೆಗೆದು, ಐದು ಸಾಲಿನಲ್ಲಿ ಬರೆದು ತೋರಿಸು ಎಂದೆ. ಅರ್ಧ ಗಂಟೆ ಪೆನ್ನು ಕಚ್ಚಿ, ಚೆನ್ನಾಗಿಯೇ ಬರೆದಳು. ಆಮೇಲೆ ಅನುಮಾನದಿಂದ ಕೇಳಿದಳು, "ಅಧ್ಯಕ್ಷತೆ ಯಾರದ್ದು ಅಂತ ಹಾಕೋದು ಬೇಡ್ವಾ ಮಾವ?"

"ಕೊನೇ ಸಾಲಿಗೆ ಹಾಕಮ್ಮ," ಎಂದೆ. "ಬಿಟ್ಟರೆ ನಾಳೆ ಬೆಳಿಗ್ಗೆ ಮೊದಲ ಫೋನು ಅವರದ್ದೇ ಬರುತ್ತೆ."