ಆರು ವಾರದ ದೀರ್ಘಾಯುಷ್ಯ

ಬ್ರಾಯ್ಲರ್ ಕೋಳಿಗೂ ಈಗ ಆರೋಗ್ಯದ ಚಿಂತೆ ಶುರುವಾಗಿದೆ ಮಾರಾಯ್ರೆ. ಫೀಡ್ ಚೀಲದ ಮೇಲೆ ಹಸಿರು ಎಲೆ, ಕೆಳಗೆ ಅರಿಶಿನ, ಬೆಳ್ಳುಳ್ಳಿ, ಓರೆಗಾನೊ, ದಾಲ್ಚಿನ್ನಿ ಚಿತ್ರ, ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೆ’ ಅಂತ ದಪ್ಪಕ್ಷರ. ಸರಿ, ಹೆಚ್ಚಲಿ. ಆದ್ರೆ ಮೊಟ್ಟೆಯಿಂದ ಬಂದಾಗ 40 ಗ್ರಾಂ ಇರೋ ಮರಿ ಆರು ವಾರದಲ್ಲಿ ಎರಡು ಕೆಜಿ ದಾಟಿ ಲಾರಿ ಹತ್ತುತ್ತೆ, ಮರಿ ಬರೋಕ್ ಮುಂಚೆನೇ ಲಾರಿ ಡೇಟ್ ಫಿಕ್ಸು, ಅಂಥದ್ದಕ್ಕೆ ದಿನಾ ಕಷಾಯ ಕುಡಿಸಿ ನೂರ್ಕಾಲ ಬಾಳು ಮಗಾ ಅನ್ನೋದು ಯಾವ ಸೀಮೆ ಕಾಳಜಿ?

ತೂಕ ಬೇಗ ಬರ್ಲಿ ಅಂತ 1940ರ ದಶಕದ ಕೊನೆಯಿಂದ ಫೀಡಿಗೆ ಆಂಟಿಬಯೋಟಿಕ್ ಬೆರೆಸಿದ್ದೂ ನಾವೇ. ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದೇ ಇದ್ದಾಗ 1986ರಲ್ಲಿ ಸ್ವೀಡನ್, 2006ರ ಜನವರಿಯಿಂದ ಇಡೀ ಯುರೋಪಿಯನ್ ಯೂನಿಯನ್ ಈ ಆಟ ಬೇಡ ಅಂದ್ವು. ಸೀಟು ಖಾಲಿ ಆಯ್ತು, ಮಸಾಲೆ ಡಬ್ಬಿ ಬಂದು ಟವೆಲ್ ಹಾಕ್ತು. ಓರೆಗಾನೊ ಎಣ್ಣೆಯಲ್ಲಿರೋ ಕಾರ್ವಕ್ರಾಲ್, ಥೈಮಾಲ್ ಅನ್ನೋ ರಾಸಾಯನಿಕಗಳು ಮಾಡೋದೂ ಬ್ಯಾಕ್ಟೀರಿಯಾದ ಪೊರೆ ಹಾಳು ಮಾಡೋ ಕೆಲಸನೇ, ಆದ್ರೆ ಇದು ‘ನ್ಯಾಚುರಲ್’. ಅಳಿಯ ಅಲ್ಲ, ಮಗಳ ಗಂಡ.

ಸೊಪ್ಪು ಸದೆ ಎಲ್ಲಾ ಸುಳ್ಳು ಅಂತ ನಾನು ಹೇಳ್ತಿಲ್ಲ, ಕೆಲವು ಟ್ರಯಲ್‌ನಲ್ಲಿ ತೂಕ ಬಂದಿದೆ, ಕೆಲವದ್ರಲ್ಲಿ ಏನೂ ಆಗಿಲ್ಲ, ಕ್ಲೀನಾಗಿರೋ ಶೆಡ್ಡಲ್ಲಿ ವ್ಯತ್ಯಾಸನೇ ಕಾಣದ್ದೂ ಉಂಟು. ಚೀಲದ ಮೇಲೆ ಮಾತ್ರ ಮೊದಲನೇದು ಅಷ್ಟೇ ಪ್ರಿಂಟಾಗುತ್ತೆ. ಫೀಡಿಗೆ ಬೆರೆಸೋ ಮೆಣಸಿನಕಾಯಿ ಕಥೆ ಇನ್ನೂ ಚೆನ್ನಾಗಿದೆ. ಹಕ್ಕಿಗಳಿಗೆ ಕ್ಯಾಪ್ಸೈಸಿನ್ ಖಾರ ತಟ್ಟೋದೇ ಇಲ್ಲ, ಕೋಳಿ ಆರಾಮಾಗಿ ತಿನ್ನುತ್ತೆ, ಉರಿ ಹತ್ತೋದು ಬಿಲ್ ನೋಡ್ದವನಿಗೆ.

ನಮ್ಮ ಪರಿಚಯದವರೊಬ್ರು ಹೋದ ಬ್ಯಾಚಿಗೆ ಕೆಜಿ ಫೀಡಿಗೆ 5 ಗ್ರಾಂ ಬೆಳ್ಳುಳ್ಳಿ ಪುಡಿ ಹಾಕಿದ್ರು. ಅದೇ ಬ್ಯಾಚಲ್ಲಿ ಕೋಳಿ ನೀರು ಕುಡಿಯೋ ಪೈಪಿನ ಸೋರೋ ನಿಪ್ಪಲ್ ರಿಪೇರಿ ಆಯ್ತು, ನೆಲಕ್ಕೆ ಹಾಸಿದ್ದ ಒದ್ದೆ ಹೊಟ್ಟು, ಅಂದ್ರೆ ಲಿಟರ್, ಎತ್ತಿ ಹೊಸದು ಹಾಸಿದ್ರು, ಕೆಟ್ಟು ನಿಂತಿದ್ದ ಫ್ಯಾನ್ ತಿರುಗ್ತು, ಅದೃಷ್ಟಕ್ಕೆ ಮರಿನೂ ಕಮ್ಮಿ ಬಂದಿದ್ವು. ಬಾಗಿಲು ತೆಗೆದ್ರೆ ಅಮೋನಿಯಾ ಘಾಟಿಗೆ ಕಣ್ಣಲ್ಲಿ ನೀರು ಬರ್ತಿದ್ದ ಶೆಡ್ಡು ಅದು, ಈಗ ಒಳಗೆ ನಿಂತು ಮಾತಾಡ್ಬಹುದಿತ್ತು. ಸಾವು ಕಮ್ಮಿ ಆಯ್ತು, ತೂಕ ಬಂತು. ‘ನೋಡಿದ್ರಾ ಬೆಳ್ಳುಳ್ಳಿ ಪವರ್ರು!’ ಅಂದ್ರು.

ಮೊನ್ನೆ ಹೋಗಿದ್ದೆ. ನಿಪ್ಪಲ್ ಮತ್ತೆ ತೊಟ್ಟಿಕ್ತಿದೆ, ಕೆಳಗಿನ ಲಿಟರ್ ಹಪ್ಪಳಗಟ್ಟಿದೆ, ನಾಲ್ಕೈದು ಮರಿ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ಕೂತಿವೆ. ಪ್ಲಂಬರ್‌ನ ಕರೆಸ್ಬಾರ್ದಾ ಅಂದೆ. ಅದೆಲ್ಲಾ ಯಾಕೆ, ಬೆಳ್ಳುಳ್ಳಿ 10 ಗ್ರಾಂ ಮಾಡಿದೀನಿ ಅಂದ್ರು.