ಕ್ಲಾಸಿನಲ್ಲಿ ಕಲಿಸಬೇಕಾದದ್ದನ್ನು ಸಂಜೆ ಮನೆಯಲ್ಲಿ ಮಾರುತ್ತಾರೆ

ನನ್ನ ಮಗನಿಗೆ ಡಿಸ್ಲೆಕ್ಸಿಯಾ ಇದೆ. ಈಗ ಆರನೇ ಕ್ಲಾಸ್. ಕಥೆ ಹೇಳಿದರೆ ಒಂದೇ ಸಲಕ್ಕೆ ಹಿಡಿದುಕೊಂಡು, ಯಾರು ಏನಂದರು ಅನ್ನುವುದರ ಸಮೇತ ತಿರುಗಿ ಹೇಳುತ್ತಾನೆ. ಅದೇ ಕಥೆಯನ್ನು ಪುಸ್ತಕ ನೋಡಿ ಓದು ಅಂದರೆ ಒಂದು ಸಾಲಿಗೇ ಬೆವರುತ್ತಾನೆ. ಒತ್ತಕ್ಷರ ಬಂದರೆ ನಿಂತೇ ಬಿಡುತ್ತಾನೆ. ಇದು ಸೋಮಾರಿತನ ಅಲ್ಲ, ದಡ್ಡತನವೂ ಅಲ್ಲ. ಅಕ್ಷರಕ್ಕೂ ಶಬ್ದಕ್ಕೂ ಗಂಟು ಹಾಕುವುದು ಅವನಿಗೆ ಕಷ್ಟ, ಅಷ್ಟೇ.

ನನಗೆ ಸಿಟ್ಟು ಬಂದಿರುವುದು ಅವನ ಕ್ಲಾಸ್ ಟೀಚರ್ ಮೇಲೆ.

'ತುಂಬಾ ಹಿಂದೆ ಇದ್ದಾನೆ ಮೇಡಂ. ಇಷ್ಟು ಮಕ್ಕಳ ಮಧ್ಯೆ ಇವನೊಬ್ಬನನ್ನೇ ನೋಡ್ಕೊಳ್ಳೋಕೆ ಆಗಲ್ಲ. ಸಂಜೆ ನಮ್ಮನೆಗೆ ಕಳಿಸಿ.' ಹಾಸನದಲ್ಲಿ ಇಂಥ ಮಕ್ಕಳ ಎಷ್ಟು ತಾಯಂದಿರು ಈ ಮಾತು ಕೇಳಿದ್ದಾರೋ! ಬೇರೆ ಮಕ್ಕಳಿಗಿಂತ ಇವನಿಗೆ ಫೀಸ್ ಡಬಲ್. ಯಾಕೆ ಅಂದರೆ ಇವನು 'ಸ್ಪೆಷಲ್'. ಬೇಡ ಅನ್ನೋಕೆ ಧೈರ್ಯ ಎಲ್ಲಿಂದ ಬರಬೇಕು? ಮಗು ಬೆಳಿಗ್ಗೆಯಿಂದ ಸಂಜೆವರೆಗೆ ಕೂರುವುದು ಅವರ ಕ್ಲಾಸಿನಲ್ಲೇ ಅಲ್ವಾ. ನಮ್ಮೆಜಮಾನರೂ 'ಸುಮ್ನೆ ಕಳಿಸು, ಯಾಕೆ ಎದುರು ಹಾಕ್ಕೊಳ್ಳೋದು' ಅಂದರು.

ಟ್ಯೂಷನ್‌ನಲ್ಲಿ ಏನು ಮಾಡಿಸುತ್ತಾರೆ? ಇಂಪೊಸಿಷನ್. ತಪ್ಪು ಬರೆದ ಪದವನ್ನೇ ಪುಟಗಟ್ಟಲೆ ಬರೆಸುವುದು. ಇಂಥ ಮಕ್ಕಳಿಗೆ ಅದರಿಂದ ಕೈ ನೋವು ಬಿಟ್ಟು ಬೇರೇನೂ ಸಿಗುವುದಿಲ್ಲ. ಒಂದೊಂದೇ ಶಬ್ದವನ್ನು ಬಿಡಿಸಿ ಹೇಳಬೇಕು. ಬಾಯಲ್ಲಿ ಹೇಳುತ್ತಾ, ಮರಳಲ್ಲೋ ರಾಗಿ ಹಿಟ್ಟಲ್ಲೋ ಬೆರಳಿಂದ ತಿದ್ದಿಸಬೇಕು. ಸ್ವಲ್ಪ ಸ್ವಲ್ಪ, ದಿನಾ, ಬೈಯದೆ. ಆ ತರಬೇತಿ ಇವರಿಗಿಲ್ಲ. ಡಬಲ್ ಫೀಸ್ ಮಾತ್ರ ಬೇಕು.

ಆಮೇಲೆ ಎಫ್‌ಎ, ಅಂದರೆ ಸ್ಕೂಲಿನಲ್ಲೇ ನಡೆಸುವ ಕಿರು ಪರೀಕ್ಷೆಯ ಮಾರ್ಕ್ಸ್ ಏರಿತು. ನಾವು ಖುಷಿಪಟ್ಟೆವು. ಹೇಗೆ ಏರಿತು ಅಂತ ಮಗನೇ ಹೇಳಿದ. ಪರೀಕ್ಷೆಗೆ ಬರುವ ಪ್ರಶ್ನೆಗಳನ್ನೇ ಹಿಂದಿನ ಸಂಜೆ ಬಾಯಿಪಾಠ ಮಾಡಿಸಿದ್ದರು. ಪೇಪರ್‌ನ ಹೆಡ್‌ಲೈನ್ ಓದು ಅಂತ ಕೊಟ್ಟರೆ ಮೊದಲಿನಂತೆಯೇ ತಡವರಿಸಿದ. ಮಗು ಹಿಂದೆ ಇದೆ ಅಂತ ತೀರ್ಮಾನಿಸುವವರು ಅವರೇ. ಅದಕ್ಕೆ ಮದ್ದು ಮಾರುವವರೂ ಅವರೇ. ಮದ್ದು ಹಿಡಿಯಿತು ಅಂತ ಮಾರ್ಕ್ಸ್ ಹಾಕುವವರೂ ಅವರೇ. ಇದಕ್ಕಿಂತ ಅನ್ಯಾಯ ಬೇಕಾ?

ನಿಮ್ಹಾನ್ಸ್‌ಗೆ ಹೋಗಿ ಮಾಡಿಸಿಕೊಂಡು ಬಂದ ರಿಪೋರ್ಟ್ ಟೀಚರ್‌ಗೆ ತೋರಿಸಿದೆ. 'ಇದೆಲ್ಲಾ ಯಾಕೆ, ಹಣೆಪಟ್ಟಿ ಬೀಳುತ್ತೆ. ನನ್ನ ಹತ್ರ ಬಿಡಿ, ಸರಿ ಮಾಡ್ತೀನಿ' ಅಂದರು. ಡಿಸ್ಲೆಕ್ಸಿಯಾ ಜ್ವರದ ಹಾಗೆ ಬಿಟ್ಟುಹೋಗುವ ಕಾಯಿಲೆ ಅಲ್ಲ. ಅದರ ಜೊತೆಗೇ ಓದುವ ದಾರಿ ಕಲಿಯಬೇಕು. ಸರ್ಟಿಫಿಕೇಟ್ ಇದ್ದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರು, ಭಾಷಾ ವಿಷಯದಲ್ಲಿ ರಿಯಾಯಿತಿ ಕೇಳಬಹುದು. ಸ್ಕೂಲಿನಲ್ಲಿ ಒಬ್ಬರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ.

ಕಾನೂನಿನಲ್ಲಿ ಎಲ್ಲಾ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಪ್ರತಿ ಮಗುವಿನ ಕಲಿಕೆ ಎಷ್ಟಿದೆ ನೋಡಿ, ಬೇಕಾದರೆ ಹೆಚ್ಚುವರಿಯಾಗಿ ಕಲಿಸುವುದು ಶಿಕ್ಷಕರದೇ ಕರ್ತವ್ಯ ಅಂತ 24ನೇ ಸೆಕ್ಷನ್ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ನ್ಯೂನತೆಗಳಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಇದೆ. ಅದನ್ನು ಬೇಗ ಗುರುತಿಸಿ ತಕ್ಕ ರೀತಿಯಲ್ಲಿ ಕಲಿಸಬೇಕು ಅಂತಲೂ ಇದೆ. ಅಂದರೆ ಹಕ್ಕಾಗಿ ಸಿಗಬೇಕಾದದ್ದಕ್ಕೆ ನಾನು ತಿಂಗಳು ತಿಂಗಳು ದುಡ್ಡು ಕಟ್ಟಿದ್ದೇನೆ.

ಖಾಸಗಿ ಶಾಲೆ ಟೀಚರ್‌ಗಳ ಸಂಬಳ ಕಡಿಮೆ, ಗೊತ್ತು. ಆ ಜಗಳ ಮ್ಯಾನೇಜ್‌ಮೆಂಟ್ ಜೊತೆ ಆಡಲಿ, ನಾವೂ ಜೊತೆಗೆ ನಿಲ್ಲುತ್ತೇವೆ. ರಿಟೈರ್ ಆದ ಮೇಷ್ಟ್ರೊಬ್ಬರು ಮನೆಯಲ್ಲಿ ಪಾಠ ಹೇಳಿದರೆ ನನ್ನ ತಕರಾರಿಲ್ಲ, ಮಗನ ಮಾರ್ಕ್ಸ್ ಅವರ ಕೈಯಲ್ಲಿ ಇರುವುದಿಲ್ಲವಲ್ಲ. ಸ್ಕೂಲ್ ಬಿಟ್ಟ ಮೇಲೂ ಒಂದು ಪೈಸೆ ತೆಗೆದುಕೊಳ್ಳದೆ ಮಕ್ಕಳನ್ನು ಕೂರಿಸಿಕೊಂಡು ಓದಿಸುವ ಟೀಚರ್‌ಗಳೂ ಇದೇ ಊರಲ್ಲಿದ್ದಾರೆ. ಅವರ ಕಾಲಿಗೆ ಬೀಳಬೇಕು ಅನ್ನಿಸುತ್ತದೆ.

2019ರಲ್ಲಿ ನಮ್ಮ ಜಿಲ್ಲೆ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದಾಗ ಊರೆಲ್ಲಾ ಖುಷಿಪಟ್ಟಿತು. ಓದಲು ಬಾರದ ಮಗುವಿಗೆ ಓದು ಕಲಿಸುವುದಕ್ಕೂ ಅಷ್ಟೇ ಹಠ ಯಾಕಿಲ್ಲ?

ಟ್ಯೂಷನ್ ಬಿಡಿಸಿದ್ದೇನೆ. ಸೋಮವಾರ ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಡುತ್ತೇನೆ, ರಿಪೋರ್ಟಿನ ಜೆರಾಕ್ಸ್ ಸಮೇತ. ಸೀಲ್ ಹಾಕಿದ ಪ್ರತಿ ಕೈಗೆ ಬರದೆ ಅಲ್ಲಿಂದ ಏಳುವುದಿಲ್ಲ. ಆಗಲ್ಲ ಅಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗುತ್ತೇನೆ. ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ) ಕೇಳುತ್ತೇನೆ. ಹಾಸನದಲ್ಲಿ ಯಾರಾದರೂ ನಿಮ್ಮ ಮಗುವಿಗೆ ಪರೀಕ್ಷೆಯ ರಿಯಾಯಿತಿ ಮಾಡಿಸಿದ್ದರೆ, ಸ್ಕೂಲಿನಿಂದ ಯಾವ ಯಾವ ಕಾಗದ ಬೇಕಾಯಿತು, ಯಾವ ಕ್ಲಾಸಿನಲ್ಲಿದ್ದಾಗ ಓಡಾಟ ಶುರು ಮಾಡಿದಿರಿ ಅಂತ ದಯವಿಟ್ಟು ಬರೆಯಿರಿ.