ಹಿಂದಿನ ಬ್ರೇಕ್ ಕಿರುಗುಟ್ಟಿದರೆ ಎಣ್ಣೆ ಹಾಕಬೇಡಿ

‘ಕಾರಿನ ಹಿಂದಿನ ಬ್ರೇಕ್ ಕಿರುಗುಟ್ಟುತ್ತಿದ್ದರೆ ಡ್ರಮ್ಮಿಗೋ ಡಿಸ್ಕಿಗೋ ಸ್ವಲ್ಪ ಎಣ್ಣೆ ಸ್ಪ್ರೇ ಮಾಡಿ’ ಎಂಬ ಸಂದೇಶ ಹರಿದಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ. ಸದ್ದೇನೋ ಅಡಗೀತು, ಆದರೆ ಬ್ರೇಕಿನ ಹಿಡಿತವೂ ಹೋಗುತ್ತದೆ. ಚಕ್ರದೊಡನೆ ತಿರುಗುವ ಡಿಸ್ಕನ್ನು ಅದುಮಿ ಹಿಡಿಯುವ ಪ್ಯಾಡ್ ಅಥವಾ ಡ್ರಮ್ಮನ್ನು ಒಳಗಿನಿಂದ ಒತ್ತುವ ಶೂ ಎಣ್ಣೆ ಕುಡಿದರೆ ಒರೆಸಿದರೂ ಸರಿಹೋಗುವುದಿಲ್ಲ. ಎರಡೂ ಚಕ್ರಗಳದ್ದನ್ನು ಬದಲಾಯಿಸಲೇಬೇಕು.

ಗ್ರೀಸ್ ಬೇಕಾಗುವ ಜಾಗಗಳು ಬೇರೆ. ಡ್ರಮ್ಮಿನಲ್ಲಿ ಶೂಗಳ ಅಂಚು ಹಿಂಬದಿಯ ತಗಡಿಗೆ ಉಜ್ಜುವ ಉಬ್ಬುಗಳು, ಡಿಸ್ಕಿನಲ್ಲಿ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿ) ಜಾರುವ ಪಿನ್ನುಗಳು. ಅದೂ ಬ್ರೇಕಿಗೆಂದೇ ಸಿಗುವ, ಶಾಖ ತಡೆಯುವ ಗ್ರೀಸ್, ತೆಳ್ಳಗೆ.

ರಾತ್ರಿ ಮಳೆಯಲ್ಲಿ ನಿಂತ ಕಾರು ಬೆಳಗ್ಗೆ ನಾಲ್ಕೈದು ಸಲ ಕಿರುಗುಟ್ಟಿ ಸುಮ್ಮನಾದರೆ ಅದು ಡಿಸ್ಕಿನ ಮೇಲ್ಮೈ ತುಕ್ಕು, ಚಿಂತೆ ಬೇಡ. ದಿನವೂ ಬಿಡದೆ ಬಂದರೆ ಪ್ಯಾಡ್ ಸವೆದು, ಅದರ ಎಚ್ಚರಿಕೆಯ ಲೋಹದ ನಾಲಿಗೆ ಡಿಸ್ಕಿಗೆ ತಾಗುತ್ತಿರಬಹುದು. ಓಡಿಸಿ ನಿಲ್ಲಿಸಿದ ಮೇಲೆ ಹಿಂದಿನ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿದ್ದರೆ ಪಿನ್ನೋ ಹ್ಯಾಂಡ್‌ಬ್ರೇಕ್ ಕೇಬಲ್ಲೋ ಸಿಕ್ಕಿಕೊಂಡಿದೆಯೇ ನೋಡಿಸಿ. ಚಕ್ರದ ಸಂದಿಯಿಂದ ಇಣುಕಿ ‘ಪ್ಯಾಡ್ ದಪ್ಪಗಿದೆ’ ಎಂದು ಸಮಾಧಾನಪಡಬೇಡಿ. ಅಲ್ಲಿ ಕಾಣುವುದು ಹೊರಗಿನ ಪ್ಯಾಡ್. ಪಿನ್ ಬಿಗಿದಾಗ ಹೆಚ್ಚಾಗಿ ಮೊದಲು ಸವೆಯುವುದು ಒಳಗಿನದು. ಚಕ್ರ ಬಿಚ್ಚಿಸಿ, ಎರಡನ್ನೂ ಕಣ್ಣಾರೆ ನೋಡಿ.